ಮೂರನೇ ಹಾಡಿನಲ್ಲಿ ಹರಿದ ಗಂಟಲು

ನನ್ನ ಗಂಟಲು ಹರಿದದ್ದು ಒಂದು ಶುಕ್ರವಾರ ಮಧ್ಯಾಹ್ನ, ಉದಯಗಿರಿಯ ಒಂದು ಟೂ ವೀಲರ್ ಗ್ಯಾರೇಜಿನಲ್ಲಿ. ಅದಕ್ಕೆ ಸಾಕ್ಷಿಯೂ ಇದೆ. ಏಳಿಂಚಿನ ಕಪ್ಪು ಗ್ರಾಮಫೋನ್ ತಟ್ಟೆ, ಮೊದಲ ಮಗ್ಗುಲು, ಮೂರನೇ ಹಾಡು, ಇನ್ನೇನು ಮುಗಿಯಿತು ಅನ್ನುವಾಗ ಹಳೇ ಪಂಚೆಯನ್ನು ಉದ್ದಕ್ಕೆ ಸೀಳಿದ ಹಾಗೆ ಒಂದು ಸದ್ದು ಬರುತ್ತದೆ. ಆಮೇಲೆ ಬರೀ ಗಾಳಿ. ಕೇಳಿದವರಿಗೆಲ್ಲ ತುಂಬಾ ಇಷ್ಟವಾದ ಜಾಗ ಅದೇ ಅಂತೆ.

ನಮ್ಮ ಬ್ಯಾಂಡಿನಲ್ಲಿ ಮೂರು ಜನ. ಡ್ರಮ್ ಬಾರಿಸುವವನು ಆ ಗ್ಯಾರೇಜಿನ ಮೆಕ್ಯಾನಿಕ್. ಶುಕ್ರವಾರ ನಮಾಜಿಗೆಂದು ಷಟರ್ ಇಳಿಸಿದರೆ ಮತ್ತೆ ಎತ್ತುವುದು ಸಂಜೆಗೇ. ನಡುವಿನ ಹೊತ್ತು ನಮ್ಮದು. ಗಿಟಾರಿನವಳು ನಜರ್‌ಬಾದಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಷೀನಿನಲ್ಲಿ ಟೋನರ್ ಮುಗಿಯುತ್ತಾ ಬಂದ ದಿನ ನಮ್ಮ ರೆಕಾರ್ಡಿನ ಹೊದಿಕೆ ಅಚ್ಚಾಗುತ್ತದೆ. ಆ ಮಾಸಲು ಬೂದಿ ಬಣ್ಣ ನಮ್ಮ ಶೈಲಿ ಎಂದು ಹೊರಗಿನವರು ನಂಬಿದ್ದಾರೆ, ನಾವೂ ಬೇಡ ಅಂದಿಲ್ಲ. ನಾನು ಹಾಡುವವನು, ಅಂದರೆ ಕಿರುಚುವವನು. ಹೊಟ್ಟೆಪಾಡಿಗೆ ಮಿಮಿಕ್ರಿ. ಮದುವೆ ರಿಸೆಪ್ಷನ್ನುಗಳಲ್ಲಿ ಒಂದಿಷ್ಟು, ಉಳಿದಂತೆ ತರಕಾರಿ ಗಾಡಿ, ಗುಜರಿ ಆಟೊ, ಸೀರೆ ಸೇಲಿನ ಪ್ರಚಾರದ ಆಟೊಗಳಿಗೆ ಕೂಗುವ ಧ್ವನಿ ರೆಕಾರ್ಡ್ ಮಾಡಿಕೊಡುವುದು. ಮೈಸೂರಿನಲ್ಲಿ ನೀವು ಹಳೇ ಪೇಪರು, ಹಳೇ ಕಬ್ಬಿಣ ಕೊಟ್ಟಿದ್ದರೆ ನನ್ನ ಮಾತು ಕೇಳಿಯೇ ಕೊಟ್ಟಿರುತ್ತೀರಿ.

ಗ್ಯಾರೇಜ್ ಪಂಕ್ ಅಂದರೇನು ಎಂದು ಅಮ್ಮ ಒಮ್ಮೆ ಕೇಳಿದ್ದಳು. ಎರಡು ನಿಮಿಷದೊಳಗೆ ಮುಗಿಯುವ ಹಾಡು, ನುಡಿಸುವುದನ್ನು ಪೂರ್ತಿ ಕಲಿಯುವ ಮೊದಲೇ ರೆಕಾರ್ಡ್ ಮಾಡಿಬಿಡುವುದು ಎಂದು ಹೇಳಿದೆ. ಕಲಿತ ಮೇಲೆ ಮಾಡಿದರೆ ಏನು ಕಷ್ಟ ಎಂದಳು.  

ಇಂಥ ರೆಕಾರ್ಡು ಹೊರತರುವ ಲೇಬಲ್ಲುಗಳೂ ಹಾಗೇ. ಕಂಪನಿ ಅಂದುಕೊಂಡು ಹುಡುಕಿದರೆ ಒಬ್ಬ ಮನುಷ್ಯ, ಒಂದು ಮಂಚ, ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳು ಸಿಗುತ್ತವೆ. ನಮಗೆ ಎಲ್ಲೆಲ್ಲಿಂದಲೋ ಪಾರ್ಸೆಲ್ ಬರುತ್ತಿರುತ್ತವೆ. ಅವರು ತಮ್ಮದು ಕಳಿಸುತ್ತಾರೆ, ನಾವು ನಮ್ಮದು ಕಳಿಸುತ್ತೇವೆ. ಒಂದರಲ್ಲಿ ಮೊದಲ ಮಗ್ಗುಲಿನ ಚೀಟಿ ಎರಡನೆಯದಕ್ಕೆ ಅಂಟಿರುತ್ತದೆ. ಇನ್ನೊಂದರ ಹೊದಿಕೆ ಯಾರದೋ ಮನೆಯ ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ್ದು, ಹಿಂದೆ ಹಾಲಿನ ಲೆಕ್ಕ ಕಾಣುತ್ತಿರುತ್ತದೆ. ಸೂಜಿ ಹಾರಿದರೆ ಪ್ಲೇಯರಿನ ತೋಳಿನ ಮೇಲೊಂದು ನಾಣ್ಯ ಅಂಟಿಸಿ ಎಂದು ಒಬ್ಬ ಪೆನ್ಸಿಲಿನಲ್ಲಿ ಬರೆದಿದ್ದ. ನಮ್ಮ ತಟ್ಟೆ ಹೊರತಂದವನು ಕಾರ್ಖಾನೆಗೂ ಕೊಡುವವನಲ್ಲ. ತನ್ನ ಮನೆಯಲ್ಲೇ ಒಂದು ಯಂತ್ರ ಇಟ್ಟುಕೊಂಡು ಒಂದೊಂದೇ ತಟ್ಟೆ ಕೊರೆಯುತ್ತಾನೆ, ದೋಸೆ ಹಾಕಿದ ಹಾಗೆ. ಅವನನ್ನು ನಾವು ಯಾರೂ ನೋಡಿಲ್ಲ.

ಆ ಶುಕ್ರವಾರ ಮೂರನೇ ಹಾಡು ಮೊದಲ ಸಲವೇ ಚೆನ್ನಾಗಿ ಬಂದಿತ್ತು. ತಪ್ಪು ಆಗಿದ್ದೇ ಅಲ್ಲಿ. ಮೂವರೂ ಕೇಳಿ, ಮುಖ ಮುಖ ನೋಡಿಕೊಂಡು, ತುಂಬಾ ಚೊಕ್ಕ ಆಯಿತು ಎಂದು ಬೇಜಾರು ಮಾಡಿಕೊಂಡೆವು. ಬೇರೆಯವರಾಗಿದ್ದರೆ ಸಿಹಿ ಹಂಚುತ್ತಿದ್ದರು. ನಾವು ಅಳಿಸಿ ಮತ್ತೆ ಶುರು ಮಾಡಿದೆವು. ನಮ್ಮಲ್ಲಿ ಇನ್ನೊಂದು ನಿಯಮವಿದೆ: ಹಾಡು ಶುರುವಾದ ಮೇಲೆ ಏನೇ ಸದ್ದು ಬರಲಿ, ನಿಲ್ಲಿಸುವ ಹಾಗಿಲ್ಲ. ಎರಡನೇ ಸಲ ಅರ್ಧಕ್ಕೆ ಬಂದಾಗ, ಟಯರಿಗೆ ಗಾಳಿ ತುಂಬುವ ಕಂಪ್ರೆಸರ್ ತನ್ನಷ್ಟಕ್ಕೆ ತಾನೇ ಹೊಡೆದುಕೊಳ್ಳಲು ಶುರುವಾಯಿತು. ಸ್ವಿಚ್ಚು ಡ್ರಮ್ಮಿನವನ ಕಾಲಿಗೆ ಎಟುಕುವಷ್ಟು ಹತ್ತಿರ ಇತ್ತು. ಅವನು ಆರಿಸಲಿಲ್ಲ, ನಿಯಮ ನಿಯಮವೇ. ನಾನು ಅದಕ್ಕಿಂತ ಜೋರಾಗಿ ಕಿರುಚಲು ಹೋದೆ. ಬೈಕ್ ಎತ್ತುವ ಕೊಕ್ಕೆಗೆ ನೇತುಹಾಕಿದ್ದ ಒಂದೇ ಮೈಕಿನಲ್ಲಿ ಕಂಪ್ರೆಸರೂ ಬಂತು, ನಾನೂ ಬಂದೆ. ಕಂಪ್ರೆಸರ್ ಇವತ್ತಿಗೂ ಚೆನ್ನಾಗಿದೆ.

ಮಾರನೇ ದಿನ ಬೆಳಿಗ್ಗೆ ಅಮ್ಮ ಕಾಫಿ ಕುಡಿಯುತ್ತೀಯಾ ಎಂದು ಕೇಳಿದಾಗ ಬಾಯಿ ತೆರೆದೆ, ಏನೂ ಬರಲಿಲ್ಲ. ಮಿಮಿಕ್ರಿ ಎಂದುಕೊಂಡು ಅಮ್ಮ ಲೋಟ ಇಟ್ಟು ಹೋದಳು.

ಗಂಟಲಿನ ಡಾಕ್ಟರು ನಿಧಾನಕ್ಕೆ ಮಾತಾಡುವ ಹೆಂಗಸು. ಮೂಗಿನೊಳಗಿಂದ ಒಂದು ತೆಳ್ಳನೆಯ ಕೊಳವೆ ಇಳಿಸಿ, ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು. ಧ್ವನಿ ಬರುವ ಎರಡು ಎಳೆಗಳಲ್ಲಿ ಒಂದರ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಮೂರು ವಾರ ಒಂದಕ್ಷರ ಮಾತಾಡಬಾರದು, ಪಿಸುಗುಟ್ಟಲೂಬಾರದು ಎಂದರು. ಕೆಲಸ ಏನು ಎಂದು ಕೇಳಿದರು. ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ, ಮಾತು ಬರುತ್ತದೆ, ಆ ಕೆಲಸ ವಾಪಸ್ ಬರುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದರು. ನನಗೆ ಏನೂ ಅನ್ನಿಸಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಎಡಗಾಲಿನದು ಬಲಗಾಲಿಗೆ ಹೋಗಿತ್ತು, ಅಷ್ಟೆ.

ಮೂರು ವಾರ ಡಾಕ್ಟರ ಮಾತಿನ ಮೇಲೆ ಆರು ವಾರ ಆಯಿತು. ಅಮ್ಮ ಸ್ಲೇಟು ಬಳಪ ತಂದುಕೊಟ್ಟಳು. ಮಾತಾಡದವನಿಗೆ ಕಿವಿಯೂ ಕೇಳುವುದಿಲ್ಲ ಎಂದು ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಎಲ್ಲರೂ ತೀರ್ಮಾನಿಸಿದ್ದರು. ಎಲ್ಲರೂ ನನ್ನೊಡನೆ ಜೋರಾಗಿ, ಬಿಡಿಸಿ ಬಿಡಿಸಿ, ಕೈ ಆಡಿಸುತ್ತಾ ಮಾತಾಡತೊಡಗಿದರು. ನಾನು ಅಣಕಿಸದವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ, ಆದ್ದರಿಂದ ಸೇಡು ತೀರಿಸಿಕೊಳ್ಳಲು ಸಾಲು ನಿಂತಿತ್ತು. ಕೆಳಗಿನ ಮನೆಯ ಓನರ್ ತಾತನ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂದರೆ ಅವರ ಹೆಂಡತಿಯೇ ಒಮ್ಮೆ ನೀರು ತಂದುಕೊಟ್ಟಿದ್ದರು. ಈಗ ಆ ತಾತ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, ಎಲ್ಲಿ ನನ್ನ ಥರ ಕೆಮ್ಮು ನೋಡೋಣ ಎನ್ನುತ್ತಿದ್ದರು. ನಾನು ಸ್ಲೇಟಿನಲ್ಲಿ 'ಖೊಕ್ ಖೊಕ್' ಎಂದು ಬರೆದು ತೋರಿಸುತ್ತಿದ್ದೆ. ಅವರು ಪಾಪ ನಗುತ್ತಿದ್ದರು.

ಬೆಳಿಗ್ಗೆ ಹತ್ತರ ಸುಮಾರಿಗೆ ಗುಜರಿ ಆಟೊ ಬರುತ್ತಿತ್ತು. ಹಳೇ ಪೇಪರ್, ಹಳೇ ಕಬ್ಬಿಣ, ಕೆಟ್ಟೋದ ಮಿಕ್ಸಿ. ನನ್ನ ಧ್ವನಿಯೇ, ದಪ್ಪನೆಯ ಧ್ವನಿ, ಯಾವುದೋ ಹಳೇ ರಾಜಕಾರಣಿಯ ಭಾಷಣದ ಧಾಟಿ. ನಾನು ಬಾಯಿ ಮುಚ್ಚಿಕೊಂಡು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ಅದು ಬೀದಿಯ ಕೊನೆಗೆ ಹೋಗಿ ತಿರುಗಿಕೊಂಡು ವಾಪಸ್ ಬಂದು ಮತ್ತೆ ಹೋಗುತ್ತಿತ್ತು. ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಮಿಕ್ಸಿ ಅನ್ನುವಾಗ ಉಸಿರು ಸ್ವಲ್ಪ ಬೇಗ ಎಳೆದುಕೊಂಡಿದ್ದೇನೆ ಎಂದು ಗಮನಿಸಿದೆ.

ಐದನೇ ವಾರ ರೆಕಾರ್ಡು ಬಂತು. ಗಿಟಾರಿನವಳ ಮನೆಯಲ್ಲಿ ಮೂವರೂ ಕೂತು ಕೇಳಿದೆವು. ಮೂರನೇ ಹಾಡಿನ ಆ ಜಾಗ ಬಂದಾಗ ಇಬ್ಬರೂ ನನ್ನ ಕಡೆ ನೋಡದೆ ತಟ್ಟೆಯನ್ನೇ ನೋಡಿದರು. ಜೊತೆಗೆ ಲೇಬಲ್ಲಿನವನ ಪತ್ರವಿತ್ತು, ಅವಳು ಓದಿ ಹೇಳಿದಳು. ಎಲ್ಲರೂ ಆ ಗಂಟಲನ್ನೇ ಕೇಳುತ್ತಿದ್ದಾರಂತೆ. ಬೇರೆ ಬೇರೆ ಊರಿನ ತಂಡಗಳ ಹಾಡು ಸೇರಿಸಿ ಒಂದು ತಟ್ಟೆ ಮಾಡುತ್ತಿದ್ದಾನಂತೆ. ತಿಂಗಳ ಕೊನೆಯೊಳಗೆ ನಮ್ಮದೊಂದು ಹೊಸ ಹಾಡು ಬೇಕು, ಅದೇ ಹರಿದ ಗಂಟಲಿನಲ್ಲಿ ಬೇಕು.

ಡ್ರಮ್ಮಿನವನು ಎದ್ದು ನಿಂತ. ಕ್ಲಚ್ ಪ್ಲೇಟ್ ಸವೆದ ಗಾಡಿಯೂ ಒಂದು ಟ್ರಿಪ್ ಹೋಗಿಬರುತ್ತದೆ, ಒಂದೇ ಹಾಡು, ಆಮೇಲೆ ಎಷ್ಟು ದಿನ ಬೇಕಾದರೂ ಸುಮ್ಮನಿರಲಿ ಎಂದು ಅವನ ವಾದ.

"ಪ್ಲೇಟ್ ಹೋದ್ರೆ ಹೊಸದು ಹಾಕ್ತೀಯ. ಇವನ ಗಂಟಲಿಗೆ ಸ್ಪೇರ್ ಎಲ್ಲಿ ತರ್ತೀಯೋ?" ಎಂದಳು ಅವಳು.

ಅವನು ಕೂತ. ನಾನು ಸ್ಲೇಟಿನಲ್ಲಿ, ಸೆಕೆಂಡ್ ಹ್ಯಾಂಡ್ ಸಿಕ್ಕಿದರೂ ನಡೆಯುತ್ತದೆ ಎಂದು ಬರೆದೆ. ಯಾರೂ ನಗಲಿಲ್ಲ. ಅಳಿಸಿ, ಡಾಕ್ಟರು ಏನೆನ್ನುತ್ತಾರೋ ಕೇಳಿ ಹೇಳುತ್ತೇನೆ ಎಂದು ಬರೆದೆ.

ಆರು ವಾರ ತುಂಬಿದ ದಿನ ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿದರು. ಹೆಪ್ಪು ಕರಗಿತ್ತು, ಆದರೆ ಆ ಜಾಗದಲ್ಲಿ ಒಂದು ಬಿಳಿಯ ಗೆರೆ ಉಳಿದಿತ್ತು. ಮೊದಲ ಮಾತು ಏನಾಡಬೇಕು, ಯಾರ ಧ್ವನಿಯಲ್ಲಿ ಆಡಬೇಕು ಎಂದು ನಾನು ದಿನಗಟ್ಟಲೆ ಯೋಚಿಸಿಟ್ಟಿದ್ದೆ. ಅವರ ಧ್ವನಿಯಲ್ಲೇ, ಅವರ ನಿಧಾನದಲ್ಲೇ, 'ಒಂದಕ್ಷರ ಮಾತಾಡಬಾರದು' ಎಂದು ಅವರಿಗೇ ಹೇಳುವುದೆಂದು ತೀರ್ಮಾನಿಸಿದ್ದೆ. ಹೇಳಿದೆ. ಅವರಿಗೆ ಅದು ತಮಾಷೆ ಎಂದು ಗೊತ್ತೇ ಆಗಲಿಲ್ಲ. ನನ್ನಿಂದ ಹೊರಟದ್ದು ಪುಡಿ ಹಾಕಿದ ಕೇರಂ ಬೋರ್ಡಿನ ಮೇಲೆ ಕೈ ಎಳೆದ ಹಾಗೆ ಸಪ್ಪಗೆ, ಒಂದೇ ಸಮನೆ ಇರುವ ಧ್ವನಿ. ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

"ಮಾತಾಡೋಕೆ ಇಷ್ಟು ಸಾಕು," ಎಂದರು. "ಇನ್ನೊಂದು ಸಲ ಕಿರುಚಿದ್ರೆ ಇದೂ ಉಳಿಯಲ್ಲ. ಬೇರೆಯವರ ಧ್ವನಿ ಮಾಡೋದು ಬರಬಹುದು, ಬರದೇನೂ ಇರಬಹುದು. ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಗಟ್ಟಿ ಮಾಡಿಕೊಳ್ಳುವಂಥದ್ದೇನೂ ಅಲ್ಲಿರಲಿಲ್ಲ. ಸ್ಕೂಟರಿನ ಹತ್ತಿರ ನಿಂತು ಓನರ್ ತಾತನ ಕೆಮ್ಮು ಮಾಡಿ ನೋಡಿದೆ, ಗುಜರಿ ಧ್ವನಿ ನೋಡಿದೆ, ಅಮ್ಮ ಸೊಪ್ಪಿನವಳೊಡನೆ ಚೌಕಾಸಿ ಮಾಡುವುದನ್ನು ಅಣಕಿಸಿ ನೋಡಿದೆ. ಎಲ್ಲವೂ ಒಂದೇ ಥರ ಬಂದವು. ಪಕ್ಕದಲ್ಲಿ ಎಳನೀರಿನವನು ನನ್ನನ್ನೇ ನೋಡುತ್ತಿದ್ದ. ಒಂದು ಎಳನೀರು ಕುಡಿದೆ. ಒಳಗಿನ ಗಂಜಿ ಬೇಕಾ ಎಂದು ಕೇಳಿದ, ಬೇಕು ಎಂದೆ. ಆ ಮಾತು ಅವನಿಗೆ ಮಾಮೂಲಿಯಾಗಿಯೇ ಕೇಳಿಸಿರಬೇಕು, ಮಚ್ಚಿನಿಂದ ಬುರುಡೆ ಸೀಳಿಕೊಟ್ಟ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಎಳನೀರಿನವನ ಫೋನಿನಿಂದಲೇ ಮಾಡಿದ್ದು. ಕಿರುಚಲು ಆಗುವುದಿಲ್ಲವಂತೆ, ಆ ಹಾಡು ನನ್ನ ಕೈಲಿ ಆಗುವುದಿಲ್ಲ ಎಂದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಯಾವುದೋ ಬೈಕನ್ನು ರೇಸ್ ಮಾಡುವ ಸದ್ದು ಕೇಳಿಸಿತು.

"ಯಾರ್ರೀ?"

ಯಾರೆಂದು ಹೇಳಿದೆ.

"ಲೇ, ನಾಟ್ಕ ಬುಡು ಮಗಾ. ಆರು ವಾರ ಆಗದೆ ನಿನ್ ಮಾತ್ ಕೇಳಿ. ನಿನ್ ವಾಯ್ಸಲ್ಲೇ ಮಾತಾಡು."

"ಇದೇ ಕಣೋ," ಎಂದೆ.

ಬೈಕಿನ ಸದ್ದು ನಿಂತಿತು. ಅವನೇ ಕೀ ತಿರುಗಿಸಿ ಆರಿಸಿರಬೇಕು.  ಎಳನೀರಿನವನು ತನ್ನ ಫೋನಿನ ಕಡೆ ಆತಂಕದಿಂದ ನೋಡುತ್ತಿದ್ದ. ಆಮೇಲೆ ಡ್ರಮ್ಮಿನವನು ಮೆಲ್ಲಗೆ, ಅವತ್ತು ನಾನೇ ಸ್ವಿಚ್ಚಿಗೆ ಕಾಲು ಚಾಚಿದ್ದರೆ ಆಗುತ್ತಿತ್ತು ಎಂದ. ಬಿಡು ಎಂದೆ. ನಾನು ಬಿಡು ಎಂದದ್ದು ಅವನಿಗೆ ಸಮಾಧಾನದ ಹಾಗೆ ಕೇಳಿಸಿತೋ, ಬೈಗುಳದ ಹಾಗೆ ಕೇಳಿಸಿತೋ ಗೊತ್ತಿಲ್ಲ. ಈ ಧ್ವನಿಯಲ್ಲಿ ಎರಡೂ ಒಂದೇ.

ಶುಕ್ರವಾರ ಗ್ಯಾರೇಜಿಗೆ ಹೋದೆ. ಯಾರೂ ಕರೆದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಗಿಟಾರಿನವಳು ಲೇಬಲ್ಲಿನವನಿಗೆ ಆಗಲೇ ಪತ್ರ ಬರೆದಿದ್ದಳು: ಆ ಗಂಟಲು ಈಗ ಇಲ್ಲ, ಇರುವುದನ್ನು ಕಳಿಸುತ್ತೇವೆ, ಬೇಡವಾದರೆ ನಮ್ಮನ್ನು ಬಿಟ್ಟುಬಿಡು. ಅವರಿಬ್ಬರೂ ಎಂದಿನ ಹಾಗೆ ಗೋಡೆ ನಡುಗುವಂತೆ ನುಡಿಸಿದರು. ನಾನು ಮೈಕನ್ನು ಕೊಕ್ಕೆಯಿಂದ ಇಳಿಸಿ ತುಟಿಗೆ ಹತ್ತಿರ ಹಿಡಿದುಕೊಂಡು ಹೊಸ ಹಾಡಿನ ಸಾಲುಗಳನ್ನು ಸುಮ್ಮನೆ ಹೇಳುತ್ತಾ ಹೋದೆ, ಬ್ಯಾಂಕಿನಲ್ಲಿ ಟೋಕನ್ ನಂಬರ್ ಓದುವವರ ಹಾಗೆ. ಮೊದಲ ಸಲವೇ ಸರಿಯಾಗಿ ಬಂತು. ಮೂವರೂ ಕೇಳಿದೆವು. ಇನ್ನೊಂದು ಸಲ ಮಾಡೋಣ ಎಂದು ಈ ಸಲ ಯಾರೂ ಅನ್ನಲಿಲ್ಲ.