ಆಯುಧಪೂಜೆಯ ದಿನದ ಸಹಿ

ಉತ್ತರಹಳ್ಳಿ ರಸ್ತೆಯಿಂದ ಒಳಗೆ, ಸುಬ್ರಹ್ಮಣ್ಯಪುರದ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ನಾನು ಅಂಗಿಗೆ ಕಾಲರ್ ಹೊಲಿಯುತ್ತಿದ್ದೆ. ಇಡೀ ಲೈನಿಗೆ ಒಂದೇ ಟಾಯ್ಲೆಟ್ ಟೋಕನ್. ಒಬ್ಬಳು ಹೋಗಿ ಬಂದು ಅದನ್ನು ಕೊಟ್ಟ ಮೇಲೆಯೇ ಇನ್ನೊಬ್ಬಳು ಏಳಬೇಕು. ನೀರು ಕುಡಿದರೆ ತಾನೆ ಏಳುವ ಗೋಳು ಎಂದು, ತುಂಬಿ ತಂದ ಬಾಟಲಿಯನ್ನು ಹಾಗೆಯೇ ಮನೆಗೆ ಒಯ್ಯುತ್ತಿದ್ದೆವು. ಹಾಳಾದ್ದು, ಅದೂ ಅಭ್ಯಾಸವಾಗಿಬಿಟ್ಟಿತ್ತು.

ಇದೇನು ನ್ಯಾಯ ಎಂದು ಕೇಳಿದವಳು ಪಕ್ಕದ ಮೆಷಿನ್ನಿನ ಹುಡುಗಿ. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ನನಗಿಂತ ಜೋರು. ಮನೆಮನೆ ಸುತ್ತಿ ಯೂನಿಯನ್ನಿಗೆ ಹೆಸರು ಬರೆಸಿದಳು. ಕಂಪನಿಯವರು ಅವಳನ್ನು ಕೆಲಸದಿಂದ ತೆಗೆದರು. ಮರುದಿನ ನಾವೆಲ್ಲ ಗೇಟಿನ ಹೊರಗೆ ಕೂತೆವು. ಯೂನಿಯನ್ ಒಪ್ಪಿಕೊಳ್ಳಿ, ಅವಳನ್ನು ವಾಪಸ್ ಕರೆಸಿ, ಆಮೇಲೆ ಟೋಕನ್ನಿನ ಮಾತು ಎಂದೆವು.

ಹನ್ನೊಂದನೇ ದಿನ ಆಯುಧಪೂಜೆ ಬಂತು. ಹೆಂಗಸರಿಗೆ ಬೆಳಗಿನಿಂದ ಚಡಪಡಿಕೆ. ಮನೆಯ ಈಳಿಗೆಮಣೆಗೂ ಕುಂಕುಮ ಇಟ್ಟು ಬಂದವರು, ಅನ್ನ ಕೊಡುವ ಮೆಷಿನ್ನಿಗೆ ಇಡದೆ ಹೇಗಿರುವುದು? ನಾನೇ ಎದ್ದು ನಿಂತೆ. “ಜಗಳ ಕಂಪನಿ ಜೊತೆ. ಮೆಷಿನ್ ಏನ್ರೇ ಪಾಪ ಮಾಡ್ತು?”

ಮ್ಯಾನೇಜರ್ ತಾನೇ ಬಂದು ಗೇಟು ತೆಗೆಸಿದ. “ಬನ್ರಮ್ಮ, ಪೂಜೆಗೆ ಯಾರು ಬೇಡ ಅಂತಾರೆ?” ಎಂದು ನಕ್ಕ. ಹುಡುಗಿಯನ್ನು ಮಾತ್ರ ವಾಚ್‌ಮನ್ ತಡೆದ. ಅವಳು ತಂದಿದ್ದ ಚೆಂಡುಹೂವನ್ನು ನನ್ನ ಕೈಗೆ ಕೊಟ್ಟು, “ಬೇಗ ಬನ್ನಿ ಅಕ್ಕ. ನೀವೆಲ್ಲ ಹೊರಗಿದ್ರೇನೇ ನಾನು ಒಳಗೆ ಬರಕ್ಕಾಗೋದು” ಎಂದಳು.

ಮೆಷಿನ್ನುಗಳ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ಕುಂಕುಮ ಹಚ್ಚಿದೆವು, ಕುಂಬಳಕಾಯಿ ಒಡೆದರು. ಪ್ರತಿ ವರ್ಷದಂತೆ ಬಾಗಿಲ ಬಳಿ ಮೇಜು, ಅದರ ಮೇಲೆ ಹಾಳೆ. ಸಹಿ ಹಾಕಿದವರಿಗೆ ಸ್ವೀಟ್ ಬಾಕ್ಸು, ಕಡ್ಲೆಪುರಿ. ನಾನು ಮೊದಲು ಹಾಕಿದೆ; ಉಳಿದವರು ನನ್ನ ಕೆಳಗೆ ಹಾಕುತ್ತಾ ಹೋದರು. ಹೊರಗೆ ಬಂದು ಮತ್ತೆ ನಮ್ಮ ಜಾಗದಲ್ಲಿ ಕೂತೆವು. ನನ್ನ ಬಾಕ್ಸಿನಿಂದ ಅವಳಿಗೂ ಒಂದು ಲಾಡು ಕೊಟ್ಟೆ.

ಮುಂದಿನ ವಾರ ಲೇಬರ್ ಆಫೀಸಿನಲ್ಲಿ ಮಾತುಕತೆ. ಮ್ಯಾನೇಜರ್ ಅದೇ ಹಾಳೆಯನ್ನು ಅಧಿಕಾರಿಯ ಮುಂದಿಟ್ಟ. ಅಧಿಕಾರಿ ಓದಿದರು: ‘ನಾವು ಮುಷ್ಕರ ಕೈಬಿಟ್ಟು ಸ್ವಇಚ್ಛೆಯಿಂದ ಕೆಲಸಕ್ಕೆ ಮರಳುತ್ತಿದ್ದೇವೆ. ಯೂನಿಯನ್ನಿಗೂ ನಮಗೂ ಸಂಬಂಧವಿಲ್ಲ.’ ಆಮೇಲೆ ನನ್ನ ಕಡೆ ತಿರುಗಿಸಿ, “ಇದು ನಿಮ್ಮ ಸೈನೇನಮ್ಮ?” ಎಂದರು.

“ಹೌದು ಸಾರ್. ಸ್ವೀಟಿಗೆ ಅಂತ ಹಾಕಿದ್ದು.”

“ಸ್ವೀಟಿನ ವಿಷಯ ಇದರಲ್ಲಿಲ್ಲವಲ್ಲ.”

ಅಷ್ಟೇ. ಎರಡು ದಿನದಲ್ಲಿ ಒಬ್ಬೊಬ್ಬರಾಗಿ ಗೇಟಿನೊಳಗೆ ಹೋದೆವು. ಯೂನಿಯನ್ನಿನ ಮಾತು ಅಲ್ಲಿಗೆ ಮುಗಿಯಿತು, ಅವಳ ಕೆಲಸವೂ ಮುಗಿಯಿತು. ಸುತ್ತಮುತ್ತಲ ಯಾವ ಗಾರ್ಮೆಂಟ್ಸಿನವರೂ ಅವಳನ್ನು ಸೇರಿಸಿಕೊಳ್ಳಲಿಲ್ಲ.

ಮಾತುಕತೆಯ ದಿನ ಲೇಬರ್ ಆಫೀಸಿನಿಂದ ಬನಶಂಕರಿಯವರೆಗೆ ನಾನೂ ಆ ಹುಡುಗಿಯೂ ಒಂದೇ ಬಸ್ಸಿನಲ್ಲಿ ಬಂದಿದ್ದೆವು. ದಾರಿಯಲ್ಲಿ ಅವಳು ಕೇಳಿದಳು: “ಅಚ್ಚ ಕನ್ನಡದಲ್ಲಿತ್ತಲ್ಲ ಅಕ್ಕ. ನೀವು ಓದ್ಲಿಲ್ವಾ?”

“ಇಲ್ಲ ಕಣೇ. ಪ್ರತಿ ವರ್ಷದ ಹಾಳೆ ಅಂದ್ಕೊಂಡೆ” ಎಂದೆ. ಅವಳು ನಂಬಿದಳು. “ಹೋಗ್ಲಿ ಬಿಡಿ, ನಿಮ್ಮ ತಪ್ಪೇನಿದೆ” ಎಂದು ನನಗೇ ಸಮಾಧಾನ ಹೇಳಿದಳು.

ಮೊದಲ ಸಾಲು ಓದಿದ್ದೆ. ಹತ್ತು ದಿನ ರಸ್ತೆಯಲ್ಲಿ ಕೂತು ನನಗೆ ಸಾಕಾಗಿತ್ತು. ಯಾರಾದರೂ ಇದನ್ನು ಮುಗಿಸಿದರೆ ಸಾಕಪ್ಪಾ ಅನ್ನಿಸಿತ್ತು. ಪೆನ್ನು ತೆಗೆದುಕೊಂಡೆ, ಎರಡನೇ ಸಾಲು ಓದದೆ ಸಹಿ ಹಾಕಿದೆ.