ಅಣ್ಣ ಕೊಳ್ಳಲು ಹೋದ ಬಂದೂಕು

ಮೊನ್ನೆ ಶನಿವಾರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಒಂದು ತೊಟ್ಟು ಬೆರಳ ಮೇಲೆ ಬಿತ್ತು. ಮೂಗಿನ ಹತ್ತಿರ ಹಿಡಿದೆ, ಏನೆಂದು ತಿಳಿಯುವ ಮೊದಲೇ ಯಂತ್ರ ಬಿಟ್ಟು ಎದ್ದು ನಿಂತಿದ್ದೆ. ನಿಮಗೂ ಹೀಗೆ ಆಗಿರಬಹುದು, ಕೆಲವು ನೆನಪುಗಳು ತಲೆಗೆ ಬರುವ ಮೊದಲೇ ಮೈಗೆ ಬಂದುಬಿಡುತ್ತವೆ. ನನಗೆ ಆ ವಾಸನೆ ಎಂದರೆ ಹೊಲಿಗೆಯಲ್ಲ, ರಾಜಾಜಿನಗರದ ಒಂದು ಬಂದೂಕಿನ ಅಂಗಡಿ.

ಅಂಥ ಅಂಗಡಿಯಲ್ಲಿ ನನ್ನಂಥವಳಿಗೇನು ಕೆಲಸ ಎಂದು ನೀವು ಕೇಳಬಹುದು. ನಮ್ಮದು ಕೆಂಗೇರಿ ಕಡೆಯ ಒಕ್ಕಲು ಮನೆತನ. ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಅಪ್ಪ ಒಂದು ಬಂದೂಕು ಇಟ್ಟುಕೊಂಡಿದ್ದರು. ಅವರು ಹೋದ ಮೇಲೆ ಅಣ್ಣ ತನ್ನ ಹೆಸರಿಗೆ ಲೈಸೆನ್ಸು ಮಾಡಿಸಿಕೊಂಡ, ತುಕ್ಕು ಹಿಡಿದ ಬಂದೂಕನ್ನು ಮಾರಿದ. ಹೊಲ ಲೇಔಟಾಯಿತು, ಹಂದಿ ಓಡಾಡುತ್ತಿದ್ದ ಕಡೆ ಅಪಾರ್ಟ್‌ಮೆಂಟು ಎದ್ದಿತು. ಲೈಸೆನ್ಸು ಮಾತ್ರ ಕಾಲಕಾಲಕ್ಕೆ ಹೊಸದಾಗುತ್ತಲೇ ಇತ್ತು. ಅಣ್ಣನಿಗೆ ಅದೊಂದು ಹೆಮ್ಮೆ. ಮದುವೆ ಮನೆಗಳಲ್ಲಿ ಮಾತು ಎತ್ತ ಹೋದರೂ ಎಳೆದು ತಂದು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾವು ನಗುತ್ತಿದ್ದೆವು.

ನಗು ನಿಂತದ್ದು ಉಳಿದಿದ್ದ ಒಂದು ತುಂಡು ಜಮೀನಿನ ಕೇಸು ಸೋತಾಗ. ಗೆದ್ದವನು ಚಿಕ್ಕಪ್ಪನ ಮಗ, ಅಣ್ಣನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಅಣ್ಣ ಮಾತು ಬಿಟ್ಟ, ನಿದ್ದೆ ಬಿಟ್ಟ. ಗಡ್ಡ ಬಿಟ್ಟುಕೊಂಡು ವರಾಂಡದಲ್ಲಿ ಕೂತಿರುತ್ತಿದ್ದ. ಫೋನ್ ಮಾಡಿದರೆ "ಹೂಂ, ಇದೀನಿ" ಅನ್ನುತ್ತಿದ್ದ, ಅಷ್ಟೇ.

ಒಂದು ಮಧ್ಯಾಹ್ನ ವಿಜಯನಗರದಲ್ಲಿ ಅವರೆಕಾಯಿ ಕೊಳ್ಳುತ್ತಿದ್ದಾಗ ಅತ್ತಿಗೆಯ ಫೋನು ಬಂತು. ಅಣ್ಣ ಲೈಸೆನ್ಸು ತೆಗೆದುಕೊಂಡು ಬಂದೂಕು ಕೊಳ್ಳಲು ಹೋಗಿದ್ದಾನೆ, ಹೊರಡುವ ಮುಂಚೆ ಓದುತ್ತಾ ಕೂತಿದ್ದ ಮಗಳು ಸಿಂಧುವಿನ ತಲೆ ಸವರಿ ಹೋದ ಎಂದಳು. ಯಾವ ಅಂಗಡಿ ಎಂಬುದು, ಅವನು ಯಾರನ್ನೋ ವಿಚಾರಿಸುವಾಗ ಅತ್ತಿಗೆಯ ಕಿವಿಗೆ ಬಿದ್ದಿತ್ತು.

ಆಟೋ ಹತ್ತಿದೆ. ಪ್ರತಿ ಸಿಗ್ನಲ್ಲೂ ಕೆಂಪು. ಚಿಕ್ಕಪ್ಪನ ಮಗನಿಗೋ, ತನಗೋ? ಇದೊಂದೇ ಪ್ರಶ್ನೆ. ಎರಡರಲ್ಲಿ ಯಾವುದಾದರೆ ವಾಸಿ ಎಂದು ನನ್ನ ಮನಸ್ಸು ಲೆಕ್ಕ ಹಾಕತೊಡಗಿದ್ದು ಕಂಡು ನನಗೇ ಹೆದರಿಕೆಯಾಯಿತು. ಪೊಲೀಸರಿಗೆ ಹೇಳೋಣವೆಂದರೆ ಏನಂತ ಹೇಳುವುದು? ಲೈಸೆನ್ಸು ಇರುವವನು ಅಂಗಡಿಗೆ ಹೋಗಿದ್ದಾನೆ ಎಂದೇ?

ಅಂಗಡಿ ನಾನು ಅಂದುಕೊಂಡ ಹಾಗಿರಲಿಲ್ಲ. ಟ್ಯೂಬ್‌ಲೈಟು, ಹೂವೇರಿಸಿದ ಲಕ್ಷ್ಮಿ ಪಟ, ಆ ಎಣ್ಣೆಯ ವಾಸನೆ. ಅಣ್ಣನ ಮುಂದೆ ಕೌಂಟರಿನ ಮೇಲೆ ಒಂದು ಬಂದೂಕು ಮಲಗಿತ್ತು. ಕನ್ನಡಕ ಹಾಕಿಕೊಂಡ ಹಿರಿಯರೊಬ್ಬರು, ಅಂಗಡಿಯ ಯಜಮಾನರು, ಅವನ ಕಾಗದ ನೋಡುತ್ತಿದ್ದರು. ಸೊಪ್ಪಿನವಳ ಹತ್ತಿರ ಬೀದಿಗೆಲ್ಲ ಕೇಳುವಂತೆ ಚೌಕಾಸಿ ಮಾಡುವ ನಾನು ಅಲ್ಲಿ ಪಿಸುದನಿಯಲ್ಲಿ, "ಇವ್ರಿಗೆ ಕೊಡ್ಬೇಡಿ ಸಾರ್. ನಮ್ಮಣ್ಣ" ಅಂದೆ.

ಅಣ್ಣ ತಿರುಗಿ ನೋಡಲಿಲ್ಲ. "ಮನೆಗೆ ಹೋಗು ಪುಟ್ಟಿ."

ಯಜಮಾನರು ಒರಟಾಗಿ ಮಾತಾಡಲಿಲ್ಲ. ಕಾಗದವೆಲ್ಲ ಸರಿಯಾಗಿದೆ, ಇಲ್ಲ ಎನ್ನಲು ತಮಗೆ ಕಾರಣ ಬೇಕು, ತಂಗಿ ಬೇಡ ಅಂದಳು ಎಂಬುದು ತಮಗೆ ತಿಳಿದ ಯಾವ ನಿಯಮದಲ್ಲೂ ಇಲ್ಲ ಎಂದು ವಿವರಿಸಿದರು. ನಾನು ಅವರೆಕಾಯಿ ಚೀಲವನ್ನು ಬಂದೂಕಿನ ಪಕ್ಕದಲ್ಲೇ ಇಟ್ಟೆ. "ಯಾಕೆ ಬೇಕು ಅಂತ ಒಂದೇ ಒಂದು ಸಲ ಕೇಳಿ ಸಾರ್. ನನ್ ಮುಂದೆ ಹೇಳ್ಲಿ."

ಅವರು ಕನ್ನಡಕ ತೆಗೆದು ಕೇಳಿದರು.

ಅಣ್ಣ ಅವರೆಕಾಯಿ ಚೀಲವನ್ನು ಬದಿಗೆ ಸರಿಸಿದ. ಆಮೇಲೆ, "ಹಂದಿ" ಅಂದ.

"ಎಲ್ಲಿ ಸಾರ್ ಹಂದಿ?"

ಅಣ್ಣ ತಲೆ ತಗ್ಗಿಸಿದ. ಕೌಂಟರಿನ ಮೇಲಿದ್ದ ಅವನ ಮುಷ್ಟಿ ಬಿಗಿಯಿತು. ಈಗ ಬಂದೂಕಿಗೆ ಕೈಹಾಕುತ್ತಾನೆ ಎಂದುಕೊಂಡೆ. ಯಜಮಾನರು ನಿಧಾನವಾಗಿ ಅದನ್ನೆತ್ತಿ ಹಿಂದಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಸ್ಟಾಕ್ ಇಲ್ಲ ಸಾರ್" ಅಂದರು. ಅವರ ಬೆನ್ನ ಹಿಂದೆ ಗಾಜಿನೊಳಗೆ ಸಾಲಾಗಿ ಬಂದೂಕುಗಳು ನಿಂತಿದ್ದವು. ಅಣ್ಣ ಅವುಗಳನ್ನು ನೋಡಿದ, ಅವರನ್ನು ನೋಡಿದ, ಕಾಗದ ಮಡಚಿಕೊಂಡು ಮೆಟ್ಟಿಲಿಳಿದ.

ಅವನನ್ನು ಆರ್‌ಪಿಸಿ ಲೇಔಟಿನ ನಮ್ಮ ಮನೆಗೇ ಕರೆತಂದೆ. ಸಂಜೆಯವರೆಗೂ ಇಬ್ಬರೂ ಕೂತು ಅವರೆಕಾಯಿ ಸುಲಿದೆವು. ಸುಲಿಯುತ್ತಾ ಸುಲಿಯುತ್ತಾ ಅವನು ಅತ್ತ. ಆಮೇಲೆ ಡಾಕ್ಟರು, ಮಾತ್ರೆ, ಬೆಳಗಿನ ವಾಕಿಂಗು. ತಿಂಗಳುಗಳು ಹಿಡಿದವು, ಆದರೆ ಅಣ್ಣ ನಮಗೆ ವಾಪಸು ಸಿಕ್ಕಿದ. ಆ ಬಂದೂಕು ಯಾರಿಗಾಗಿ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಸಿಂಧುವಿಗೆ ಈ ವಿಷಯ ಗೊತ್ತೇ ಇರಲಿಲ್ಲ.

ಇದೆಲ್ಲ ನಡೆದು ಎಷ್ಟೋ ವರ್ಷಗಳಾದವು. ಮೊನ್ನೆ ಆ ಎಣ್ಣೆ ಬೆರಳ ಮೇಲೆ ಬಿದ್ದ ಮರುದಿನ, ಭಾನುವಾರ, ಅಣ್ಣನ ಮನೆಯಲ್ಲಿ ಊಟ. ಟಿವಿಯಲ್ಲಿ ಬಂದೂಕು ಮಾರುವ ಅಂಗಡಿಗಳಿಗೆ ನಿಯಮ ಬಿಗಿ ಮಾಡಬೇಕೇ ಎಂಬ ಚರ್ಚೆ ನಡೆದಿತ್ತು. ಕೊಳ್ಳುವವರು ಕೆಲವು ದಿನ ಕಾಯಬೇಕು, ಮನೆಯವರನ್ನೂ ಕೇಳಬೇಕು ಎಂದು ಒಬ್ಬರು ಹೇಳುತ್ತಿದ್ದರು. ಸಿಂಧುವಿನ ಗಂಡ ಪ್ರದೀಪ ಒಪ್ಪಲಿಲ್ಲ. ಲೈಸೆನ್ಸು ಕೊಡುವಾಗಲೇ ಪೊಲೀಸರು ಎಲ್ಲ ವಿಚಾರಿಸಿರುತ್ತಾರೆ, ಕಳ್ಳ ಬಂದೂಕು ಇಟ್ಟುಕೊಂಡವನನ್ನು ಬಿಟ್ಟು ನೆಟ್ಟಗಿರುವವನನ್ನು ಯಾಕೆ ಸತಾಯಿಸಬೇಕು ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಅತ್ತಿಗೆಯ ಕೈಯಲ್ಲಿದ್ದ ಸೌಟು ನಿಂತಿತು.

ಅಣ್ಣ ತುತ್ತು ನುಂಗಿ ಹೇಳಿದ: "ಲೈಸೆನ್ಸ್ ಕೊಟ್ಟಾಗ ನಾನೂ ನೆಟ್ಟಗೇ ಇದ್ದೆ ಕಣಪ್ಪಾ. ಅಂಗಡಿಗೆ ಹೋದ ದಿನ ಇರ್ಲಿಲ್ಲ."

ಪ್ರದೀಪನಿಗೆ ಅರ್ಥವಾಗಲಿಲ್ಲ. ಅಣ್ಣ ಅವನಿಗೆ ಎಲ್ಲವನ್ನೂ ಹೇಳಿದ, ದನಿ ಏರಿಸದೆ, ಬೇರೆ ಯಾರದೋ ಕಥೆಯೆಂಬಂತೆ. ಕೊನೆಗೆ ನನ್ನ ಕಡೆ ತಿರುಗಿ, "ಚಿಕ್ಕಪ್ಪನ ಮಗನಿಗಲ್ಲ ಪುಟ್ಟಿ. ನನಗೇ ಅಂತಾನೇ ಹೋಗಿದ್ದೆ" ಅಂದ.

ಅತ್ತಿಗೆ ಟಿವಿ ಆರಿಸಿದಳು. ಇಷ್ಟು ವರ್ಷ ಆ ಯಜಮಾನರ ಒಳ್ಳೆಯತನವನ್ನು ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಆ ಹೊತ್ತಿನಲ್ಲಿ ಮೊದಲ ಬಾರಿಗೆ ಅನ್ನಿಸಿತು, ಕೌಂಟರಿನ ಹಿಂದೆ ಅಂದು ಬೇರೆ ಯಾರಾದರೂ ಕೂತಿದ್ದರೆ? ಒಬ್ಬರು ಒಳ್ಳೆಯವರಾಗಿರಲಿ ಎಂಬ ಹಾರೈಕೆಯ ಮೇಲೆ ನಮ್ಮ ಮನೆ ಪೂರ್ತಿ ನಿಂತಿತ್ತಲ್ಲ. ಇದನ್ನು ಪ್ರದೀಪನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಿಂಧು ತನ್ನ ತಟ್ಟೆ ಬಿಟ್ಟೆದ್ದು ಅಪ್ಪನ ಪಕ್ಕ ಬಂದು ಕೂತಳು.

"ಅನ್ನ ಹಾಕ್ಲಾ ಅಪ್ಪಾ?" ಅಂದಳು.

"ಹಾಕು" ಅಂದ ಅಣ್ಣ.