ರಕ್ತಕ್ಕೆ ಹಾಸಿಗೆ ಹಾಸಿದ ಪಿಂಜಾರ

ಬಾಬಾಬುಡನ್ ಗಿರಿಸಾಲಿನ ಮೇಲೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ವೈದ್ಯ ಸಂಶೋಧಕರ ತಂಡ ಮಂಜಿನಲ್ಲಿ ಒಬ್ಬರ ಹಿಂದೊಬ್ಬರು ಕಾಲೂರಿ ಇಳಿಯುತ್ತಿದೆ. ಎಲ್ಲರಿಗಿಂತ ಹಿಂದೆ, ತಲೆಯ ಮೇಲೆ ಮರದ ಪೆಟ್ಟಿಗೆ ಹೊತ್ತು ಬರುತ್ತಿರುವವರು ದಾವಣಗೆರೆ ಆನೆಕೊಂಡದ ಪಿಂಜಾರ ಮೌಲಾ ಸಾಬ್. ಪೆಟ್ಟಿಗೆಯೊಳಗೆ ಗುಡ್ಡದ ಹಟ್ಟಿಯವರ ರಕ್ತದ ಸೀಸೆಗಳು, ಮಂಜುಗಡ್ಡೆ ತುಂಬಿದ ಡಬ್ಬಿ, ಸಂದುಗೊಂದಿಗೆಲ್ಲ ಅವರೇ ಹಿಂಜಿ ಮೆತ್ತಿದ ಹತ್ತಿ.

"ಮೊಣಕಾಲು ಬ್ಯಾಡ ಬ್ಯಾಡ ಅಂತಾವ್ರಿ. ನಾನು ಕಿವಿಗೇ ಹಾಕ್ಕಳಲ್ಲ," ಎನ್ನುತ್ತಾರೆ.

ಹತ್ತಿಯ ಊರಿನಲ್ಲಿ ಹುಟ್ಟಿ, ಗಾದಿ ದಿಂಬು ತುಂಬುತ್ತಲೇ ತಲೆ ನರೆಸಿಕೊಂಡವರಿಗೆ ಬೆಟ್ಟದಲ್ಲೇನು ಕೆಲಸ? ಈ ೧೯೬೧ರ ಚಳಿಗಾಲದಲ್ಲಿ ಗುರುತು ಸಿಗದ ಜ್ವರವೊಂದು ಹಟ್ಟಿಯ ಜನರನ್ನು ಕೆಡವುತ್ತಿದೆ. ಅದರ ಮೂಲ ಹುಡುಕಲು ತಂಡ ಹರಿಹರದಲ್ಲಿ ಬಾಡಿಗೆ ಮನೆ ಹಿಡಿದು ಪ್ರಯೋಗಾಲಯ ಮಾಡಿಕೊಂಡಿದೆ. ಸೀಸೆಗಳು ಒಡೆಯದೆ, ತಣ್ಣಗೆ ಅಲ್ಲಿಗೆ ತಲುಪಿದರಷ್ಟೇ ಪರೀಕ್ಷೆ. ಗಾದಿ ಹೊಲಿಸಲು ಬಂದ ತಂಡದ ದೊಡ್ಡ ಡಾಕ್ಟರು "ಗಾಜಿಗೂ ಒಂದು ಹಾಸಿಗೆ ಮಾಡಿಕೊಡ್ತೀರಾ?" ಎಂದದ್ದೇ ನೆಪ, ಸಾಬರು ಹಿಂಜುವ ಬಿಲ್ಲನ್ನು ಗೋಡೆಗೆ ನೇತುಹಾಕಿ ಹೊರಟೇಬಿಟ್ಟರು. ಹೆಂಡತಿ ಮಾಬೂಬೀ ಇನ್ನೂ ಗೊಣಗುತ್ತಾರೆ: "ಊರಾಗಿನ ಗಾದಿ ಬಿಟ್ಟು ಗುಡ್ಡ ಯಾಕ ಬೇಕಿತ್ತು ಇವರಿಗೆ?"

ಹೋದ ಸಲ ಒಂದೂ ಸೀಸೆ ಒಡೆಯಲಿಲ್ಲ. ಎಡವಟ್ಟಾದದ್ದು ಬೇರೆ ಕಡೆ. ಬಿಸಿಲು ಕಾಣದ ಹತ್ತಿಯನ್ನು ಸಾಬರು ಎಂದೂ ಗಿರಾಕಿಗೆ ಕೊಟ್ಟವರಲ್ಲ. ಅವತ್ತು ಮಂಜಿಗೆ ಹತ್ತಿ ತೇವವಾಗಿತ್ತು. ಬುತ್ತಿ ಬಿಚ್ಚಲು ನಿಂತಲ್ಲಿ ಒಳ್ಳೆಯ ಬಿಸಿಲು ಬಿದ್ದಿತ್ತು. ಕೈ ಸುಮ್ಮನಿದ್ದೀತೇ? ಹತ್ತಿಯನ್ನೆಲ್ಲ ಬಂಡೆಯ ಮೇಲೆ ಹರವಿ, ಚೆನ್ನಾಗಿ ಬೆಚ್ಚಗಾದ ಮೇಲೆ ಅಕ್ಕರೆಯಿಂದ ಮತ್ತೆ ಸೀಸೆಗಳಿಗೆ ಸುತ್ತಿದರು. ಹರಿಹರ ಮುಟ್ಟುವ ಹೊತ್ತಿಗೆ ಮಂಜುಗಡ್ಡೆ ಕರಗಿ ರಕ್ತವೆಲ್ಲ ಕೆಟ್ಟಿತ್ತು.

"ಡಾಕ್ಟರು ಬೈಲಿಲ್ರಿ. ಬೈದಿದ್ರೆ ಚಲೋ ಇತ್ತು," ಎಂದು ಸಾಬರು ನೆಲ ನೋಡುತ್ತಾರೆ.

ದಣಿದ ತಂಡ ಮತ್ತೆ ಬೆಟ್ಟ ಹತ್ತಬೇಕಾಯಿತು. ಇನ್ನೊಮ್ಮೆ ಸೂಜಿ ಎಂದಾಗ ಹಟ್ಟಿಯವರು ಮುಖ ತಿರುಗಿಸಿದರು. ಜ್ವರದಿಂದ ಎದ್ದು ಗೋಡೆ ಹಿಡಿದು ನಡೆಯುತ್ತಿದ್ದ ಕಾಳವ್ವ ಎಂಬ ಮುದುಕಿಯ ಮುಂದೆ ನಿಂತು ಸಾಬರೇ ಬಾಯಿಬಿಟ್ಟರು: "ತಪ್ಪು ನಂದು ತಾಯಿ. ನಿಮ್ಮ ರಕ್ತ ಕೆಡಿಸಿದ್ದು ನಾನೇ." "ಮೈಯಲ್ಲಿ ರಕ್ತ ಇರೋದೇ ಇಷ್ಟು," ಎಂದು ಆಕೆ ಕಡ್ಡಿಯಂಥ ತೋಳು ಚಾಚಿದಳು. ಅವಳನ್ನು ನೋಡಿ ಉಳಿದವರೂ ಬಂದರು.

ಇವತ್ತೂ ಅದೇ ಬಂಡೆಯ ಮೇಲೆ ಬಿಸಿಲು, ಇವತ್ತೂ ಹತ್ತಿ ತೇವ. ಸಾಬರು ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ. "ಕೈ ಕೇಳಂಗಿಲ್ರಿ. ಅದಕ್ಕ ಹಿಂಗೆ ಕಟ್ಟಿ ಹಾಕೀನಿ."

ಬೆಟ್ಟದ ಬುಡದಿಂದ ಜೀಪು ಪೆಟ್ಟಿಗೆಯನ್ನು ಹರಿಹರಕ್ಕೆ ಮುಟ್ಟಿಸುತ್ತದೆ. ಸಂಜೆ ಆ ಬಾಡಿಗೆ ಮನೆಯ ಜಗಲಿಯಲ್ಲಿ ದೊಡ್ಡ ಡಾಕ್ಟರು ಪೆಟ್ಟಿಗೆ ಬಿಚ್ಚಿ, ಸೀಸೆಯೊಂದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ.

"ತಣ್ಣಗಿದೆ, ಮೌಲಾ ಸಾಬ್."

ಸಾಬರು ಕಂಬಕ್ಕೊರಗಿ ಕೂರುತ್ತಾರೆ. ಕೇಳುತ್ತಾರೆ:

"ಹಂಗಾದ್ರೆ ಆ ತಾಯಿ ಇನ್ನೊಂದು ಸಲ ಸೂಜಿಗೆ ಕೈ ಚಾಚಬೇಕಿಲ್ಲ, ಅಲ್ರಿ?"